ಮಂಜಿನ ಮನುಷ್ಯನ ಹೆಂಡತಿ ಯಾಕೆ ಕಾಣೋದೇ ಇಲ್ಲ?

ಪ್ರಶ್ನೆ: ನಾನು ಅಂಕೋಲಾ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಳೆಗಾಲದ ಒಂದು ಶನಿವಾರ ಆರು, ಏಳನೇ ತರಗತಿ ಮಕ್ಕಳಿಗೆ 'ದಿ ಇನ್‌ಕ್ರೆಡಿಬಲ್ಸ್' ಅನ್ನುವ ಕಾರ್ಟೂನ್ ಸಿನಿಮಾ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಈಗ ಶಾಲೆಯ ವಾರ್ಷಿಕ ಗ್ಯಾದರಿಂಗ್‌ಗೆ ಅದನ್ನೇ ನಾಟಕ ಮಾಡೋಣ ಅಂತ ಹಠ ಹಿಡಿದಿದ್ದಾರೆ. ಜೊತೆಯ ಮಾಸ್ತರರೊಬ್ಬರು ಬೇಡ ಅನ್ನುತ್ತಾರೆ. ತಾಯಿಯನ್ನು ಮನೆಗೆಲಸಕ್ಕೆ ಕಟ್ಟಿಹಾಕಿದ್ದಾರೆ, ಮಗಳಿಗೆ ಮಾಯವಾಗುವ ಶಕ್ತಿ ಕೊಟ್ಟಿದ್ದಾರೆ, ಮಂಜುಗಡ್ಡೆ ಮಾಡುವ ಕಪ್ಪು ಮನುಷ್ಯ ಬರೀ ಹೀರೋನ ಗೆಳೆಯ, ಇಂಥದ್ದನ್ನು ಮಕ್ಕಳಿಗೆ ಕಲಿಸಬೇಕಾ ಅಂತ ಅವರ ವಾದ. ಅದಕ್ಕೆ ಸರಿಯಾಗಿ ನಮ್ಮ ತರಗತಿಯ ಒಬ್ಬ ಸಿದ್ದಿ, ಅಂದರೆ ಆಫ್ರಿಕಾ ಮೂಲದ ಸಮುದಾಯದ ಹುಡುಗಿ, "ಅಕ್ಕೋರೇ, ಆ ಮಂಜಿನ ಮನುಷ್ಯನ ಹೆಂಡತಿ ಯಾಕೆ ಕಾಣೋದೇ ಇಲ್ಲ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಾಗಲಿಲ್ಲ. ನಾಟಕ ಮಾಡಿಸಬಹುದಾ ಸರ್? ಮಾಡಿಸಿದರೆ ಹೇಗೆ?

ಉತ್ತರ: ಅಕ್ಕೋರೇ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಶಾಭಾಸ್ ಹೇಳಿ. ನಾನು ಈ ಸಿನಿಮಾವನ್ನು ಎಷ್ಟೋ ಸಲ ನೋಡಿದ್ದೇನೆ. ಶಿರಸಿ, ಕಾರವಾರದ ಮಕ್ಕಳ ಶಿಬಿರಗಳಲ್ಲಿ ಇದರ ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿ ಪಾತ್ರ ಕಟ್ಟುವುದು ಹೇಗೆ ಅಂತ ಪಾಠ ಮಾಡಿದ್ದೇನೆ. ಆ ಪ್ರಶ್ನೆ ನನಗೆ ಹೊಳೆಯುವುದಕ್ಕೆ ವರ್ಷಗಳೇ ಬೇಕಾದವು. ಅವಳಿಗೆ ಒಂದೇ ಸಲಕ್ಕೆ ಹೊಳೆಯಿತು. ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ಮೊದಲು ಈ ಸಿನಿಮಾದಲ್ಲಿ ಪಾತ್ರಗಳು ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ನಿಮ್ಮ ಮಾಸ್ತರರ ಮಾತೂ ಪೂರ್ತಿ ಅರ್ಥವಾಗುವುದಿಲ್ಲ.

ಸಿನಿಮಾ ಅಮೆರಿಕದಲ್ಲಿ ತೆರೆಕಂಡದ್ದು 2004ರ ನವೆಂಬರ್ 5ಕ್ಕೆ. ಮಾಡಿದ್ದು ಪಿಕ್ಸಾರ್ ಅನ್ನುವ ಅನಿಮೇಷನ್ ಕಂಪನಿ. ಬರೆದು ನಿರ್ದೇಶಿಸಿದವರು ಬ್ರಾಡ್ ಬರ್ಡ್. ಅಲ್ಲಿಯವರೆಗೆ ಪಿಕ್ಸಾರ್ ಆಟಿಕೆ, ಇರುವೆ, ಮೀನು, ಭೂತಗಳ ಕಥೆ ಹೇಳುತ್ತಿತ್ತು. ಶುರುವಿನಿಂದ ಕೊನೆಯವರೆಗೆ ಮನುಷ್ಯರದ್ದೇ ಕಥೆ ಅಂತ ಮಾಡಿದ್ದು ಇದೇ ಮೊದಲು. ಮರುವರ್ಷ ಎರಡು ಆಸ್ಕರ್ ಬಂತು, ಒಂದು ಒಳ್ಳೆಯ ಅನಿಮೇಷನ್ ಚಿತ್ರ ಅಂತ, ಇನ್ನೊಂದು ಧ್ವನಿ ಸಂಕಲನಕ್ಕೆ. ಹಿಂದಿಯಲ್ಲಿ 'ಹಮ್ ಹೈ ಲಾಜವಾಬ್' ಅಂತ ಬಂದಾಗ ಅಪ್ಪನಿಗೆ ಶಾರುಖ್ ಖಾನ್, ಮಗನಿಗೆ ಅವರ ಮಗ ಆರ್ಯನ್ ದನಿ ಕೊಟ್ಟಿದ್ದರು.

ಕಥೆ ನಿಮಗೆ ಗೊತ್ತು. ನೋಡದವರಿಗೆ ಎರಡೇ ಮಾತು. ಬಾಬ್ ಮತ್ತು ಹೆಲೆನ್ ಒಂದು ಕಾಲದ ಸೂಪರ್‌ಹೀರೋಗಳು. ಜನ ಕೋರ್ಟಿಗೆ ಹೋಗಿ, ಸರ್ಕಾರ ಆ ಕೆಲಸವನ್ನೇ ನಿಲ್ಲಿಸಿದೆ. ಈಗ ಹೆಸರು ಮುಚ್ಚಿಟ್ಟು ಸಾಮಾನ್ಯರ ಹಾಗೆ ಸಂಸಾರ ಮಾಡುತ್ತಿದ್ದಾರೆ. ಮಗಳು ವಯೊಲೆಟ್, ಮಗ ಡ್ಯಾಶ್, ತೊಟ್ಟಿಲ ಕೂಸು ಜ್ಯಾಕ್-ಜ್ಯಾಕ್. ಬಾಬ್ ವಿಮಾ ಕಂಪನಿಯ ಸಣ್ಣ ಮೇಜಿನ ಹಿಂದೆ ಉಸಿರುಗಟ್ಟಿ ಕೂತಿರುತ್ತಾನೆ. ಕದ್ದುಮುಚ್ಚಿ ಹಳೆಯ ಕೆಲಸಕ್ಕೆ ಹೋಗಿ ಬಲೆಗೆ ಬೀಳುತ್ತಾನೆ. ಮನೆಯವರೆಲ್ಲ ಹೋಗಿ ಬಿಡಿಸಬೇಕಾಗುತ್ತದೆ.

ಬರ್ಡ್ ಈ ಶಕ್ತಿಗಳನ್ನು ಚೀಟಿ ಎತ್ತಿದ ಹಾಗೆ ಹಂಚಲಿಲ್ಲ. ಮನೆಯಲ್ಲಿ ಯಾರಿಂದ ಏನು ಕೇಳುತ್ತಾರೆ ಅಂತ ನೋಡಿ ಹಂಚಿದರು. ಅಪ್ಪ ಅಂದರೆ ಗಟ್ಟಿ ಇರಬೇಕು, ಅದಕ್ಕೇ ಅವನಿಗೆ ತೋಳ್ಬಲ. ಅಮ್ಮನನ್ನು ಹತ್ತು ಕಡೆಯಿಂದ ಎಳೆಯುತ್ತಾರೆ, ಅದಕ್ಕೇ ಅವಳ ಮೈ ರಬ್ಬರಿನ ಹಾಗೆ ಹಿಗ್ಗುತ್ತದೆ. ಹರೆಯಕ್ಕೆ ಕಾಲಿಟ್ಟ ಹುಡುಗಿಗೆ ಯಾರ ಕಣ್ಣಿಗೂ ಬೀಳಬಾರದು ಅನ್ನಿಸುತ್ತದೆ, ಅವಳು ಮಾಯವಾಗುತ್ತಾಳೆ. ಹತ್ತು ವರ್ಷದ ಹುಡುಗ ಕೂತಲ್ಲಿ ಕೂರುವುದಿಲ್ಲ, ಅವನಿಗೆ ವೇಗ. ಕೂಸು ಮುಂದೆ ಏನಾಗುತ್ತದೋ ಯಾರಿಗೆ ಗೊತ್ತು, ಹಾಗಾಗಿ ಅದರಲ್ಲಿ ಎಲ್ಲವೂ ಇದೆ.

ಇದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ ಅಲ್ವಾ? ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ಕೇದಗೆ ಮುಂದಲೆ ಅನ್ನುವ ತಲೆಯುಡುಗೆ ಕಟ್ಟಿದ ವೇಷ ಬಂದರೆ ಹರೆಯದ ವೀರ ಅಂತ ಗೊತ್ತಾಗಿಬಿಡುತ್ತದೆ. ರಾಕ್ಷಸನ ಬಣ್ಣದ ವೇಷ ತೆರೆಯ ಹಿಂದಿನಿಂದ ಕೂಗಿದರೆ ಸಾಕು, ಮುಂದೆ ಕೂತ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತವೆ. ಮಾತು ಶುರುವಾಗುವ ಮೊದಲೇ ಪಾತ್ರ ಗೊತ್ತು. ಅನಿಮೇಷನ್‌ನಲ್ಲೂ ಹಾಗೇ. ಬಾಬ್‌ನ ಬರೀ ನೆರಳು ತೋರಿಸಿ ನೋಡಿ, ಮೇಲೆ ಗುಡ್ಡದಂಥ ಎದೆ, ಕೆಳಗೆ ಸಣ್ಣ ಕಾಲು. ಮಕ್ಕಳು ತಕ್ಷಣ ಹೆಸರು ಹೇಳುತ್ತಾರೆ.

ಆದರೆ ವೇಷ ಕಟ್ಟಿಕೊಂಡ ಮಾತ್ರಕ್ಕೆ ಆಟ ಆಗುವುದಿಲ್ಲ. ಗದಾಯುದ್ಧದ ಕೌರವ ರಂಗಕ್ಕೆ ಬರುವಾಗ ಬರೀ ಸೊಕ್ಕಿನ ಮನುಷ್ಯ. ಒಳ್ಳೆಯ ಕಲಾವಿದ ಸಿಕ್ಕರೆ ಬೆಳಗಿನ ಜಾವದ ಹೊತ್ತಿಗೆ ಅದೇ ಕೌರವನನ್ನು ನೋಡಿ ಗಂಟಲು ಕಟ್ಟುತ್ತದೆ. ವೇಷ ಅದೇ, ಕಿರೀಟ ಅದೇ. ಮನುಷ್ಯ ಮಾತ್ರ ಬೇರೆ. ನಾನು ಯಾವ ಸಿನಿಮಾದ ಪಾತ್ರವನ್ನೂ ಹೀಗೇ ನೋಡುತ್ತೇನೆ. ಶುರುವಿನಲ್ಲಿ ಕಟ್ಟಿದ ವೇಷದಿಂದ ಈ ಪಾತ್ರ ಎಷ್ಟು ದೂರ ಹೋಗಲು ಬಿಟ್ಟಿದ್ದಾರೆ? ನಿಮ್ಮ ಮಾಸ್ತರರು ಶುರುವಿನ ವೇಷ ನೋಡಿ ಬೇಡ ಅನ್ನುತ್ತಿದ್ದಾರೆ. ಕೊನೆಯವರೆಗೆ ನೋಡಿದರೆ ಕೆಲವು ಕಡೆ ಅವರ ಮಾತು ಬಿದ್ದುಹೋಗುತ್ತದೆ, ಕೆಲವು ಕಡೆ ಅವರು ಹೇಳಿದ್ದಕ್ಕಿಂತ ಜಾಸ್ತಿ ನಿಜವಾಗುತ್ತದೆ.

ತಾಯಿಯಿಂದಲೇ ಶುರು ಮಾಡೋಣ. ಸಿನಿಮಾದ ಮೊದಲ ನಿಮಿಷಗಳಲ್ಲಿ ಹರೆಯದ ಹೆಲೆನ್ ಕ್ಯಾಮೆರಾ ಮುಂದೆ ಕೂತು ಮಾತಾಡುತ್ತಾಳೆ. ಮನೆ ಹಿಡಿದು ಕೂರುವುದಾ? ಲೋಕ ಕಾಯುವ ಕೆಲಸವನ್ನು ಗಂಡಸರಿಗೆ ಬಿಡುವುದಾ? ಆಗದು ಅನ್ನುವ ಧಾಟಿ. ಮುಂದೆ 15 ವರ್ಷ ಕಳೆದು ನೋಡಿದರೆ ಅವಳೇ ಮನೆ ಹಿಡಿದು ಕೂತಿದ್ದಾಳೆ. ಇದನ್ನು ಸಿನಿಮಾ ಬೇಕಂತಲೇ ಎದುರುಬದುರು ಇಟ್ಟಿದೆ. ನಗಿಸುವುದಕ್ಕೂ ಹೌದು, ಚುಚ್ಚುವುದಕ್ಕೂ ಹೌದು.

ಊಟದ ಮೇಜಿನ ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿ. ಅಕ್ಕ ತಮ್ಮ ಜಗಳಕ್ಕೆ ಬಿದ್ದಿದ್ದಾರೆ. ಒಬ್ಬ ಮೇಜಿನ ಸುತ್ತ ಗಾಳಿಯ ಹಾಗೆ ಓಡುತ್ತಾನೆ, ಇನ್ನೊಬ್ಬಳು ಮಾಯವಾಗಿ ಹೊಡೆಯುತ್ತಾಳೆ. ಹೆಲೆನ್ ಕುರ್ಚಿಯಲ್ಲಿ ಕೂತಲ್ಲಿಂದಲೇ ಒಂದು ಕೈಯನ್ನು ಮಗನ ಹಿಂದೆ, ಇನ್ನೊಂದನ್ನು ಮಗಳ ಹಿಂದೆ ಚಾಚುತ್ತಾಳೆ. ಮಕ್ಕಳು ಎಳೆದ ಹಾಗೆ ಅವಳ ತೋಳು ಮೇಜಿನ ಮೇಲೆ, ಕೆಳಗೆ ಸುತ್ತಿಕೊಳ್ಳುತ್ತದೆ. ಗಂಡನ ಮನಸ್ಸು ಮಾತ್ರ ಪೇಪರಿನ ಸುದ್ದಿಯಲ್ಲಿ. ಕೊನೆಗೆ ಅವಳು ಕೂಗಿದ್ದಕ್ಕೆ ಎದ್ದವನು ಏನು ಮಾಡುತ್ತಾನೆ? ಹೆಂಡತಿ ಮಕ್ಕಳ ಸಮೇತ ಮೇಜನ್ನೇ ಎತ್ತಿ ಹಿಡಿದು ನಿಲ್ಲುತ್ತಾನೆ. ಅವನಿಗೆ ಗೊತ್ತಿರುವುದು ಅದೊಂದೇ. ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಲ್ಲರೂ ಕುರ್ಚಿಯಲ್ಲಿ, ಏನೂ ಆಗಿಲ್ಲ ಅನ್ನುವ ಮುಖ. ಯಾವ ಮನೆಯಲ್ಲಿ ಇದು ನಡೆಯುವುದಿಲ್ಲ ಹೇಳಿ? ತಾಯಿಯನ್ನು ಹೀಗೆ ತೋರಿಸಿದ್ದು ಅವಳನ್ನು ಕೀಳು ಮಾಡಲಿಕ್ಕಲ್ಲ. ಆ ಮನೆಯ ಭಾರ ಯಾರ ಮೇಲೆ ಬಿದ್ದಿದೆ ಅಂತ ಒಂದೂ ಭಾಷಣವಿಲ್ಲದೆ ತೋರಿಸಿದ ದೃಶ್ಯ ಅದು. ನನಗೆ ಇಡೀ ಸಿನಿಮಾದಲ್ಲಿ ಬಹಳ ಇಷ್ಟವಾದದ್ದೂ ಅದೇ.

ಮುಂದೆ ಅದೇ ಹಿಗ್ಗುವ ಮೈ ಏನೇನು ಮಾಡುತ್ತದೆ ನೋಡಿ. ಗಂಡನನ್ನು ಹುಡುಕಿ ಹೊರಟವಳು ವಿಮಾನವನ್ನು ತಾನೇ ಓಡಿಸುತ್ತಾಳೆ. ಕ್ಷಿಪಣಿ ಬಡಿದು ವಿಮಾನ ಚೂರಾದಾಗ ಮಕ್ಕಳನ್ನು ಹಿಡಿದುಕೊಂಡು ತಾನೇ ಪ್ಯಾರಾಚೂಟ್ ಆಗುತ್ತಾಳೆ. ನೀರಿಗೆ ಬಿದ್ದ ಮೇಲೆ ತಾನೇ ದೋಣಿ, ಮಗನ ಕಾಲೇ ಇಂಜಿನ್. ಶತ್ರುವಿನ ಕೋಟೆಯಲ್ಲಿ ಒಂದೊಂದು ಬಾಗಿಲಿಗೆ ಮೈಯ ಒಂದೊಂದು ಭಾಗ ಸಿಕ್ಕಿಕೊಂಡಿರುವಾಗಲೂ ಕಾವಲುಗಾರರನ್ನು ಬಡಿದು ಹಾಕುತ್ತಾಳೆ. ನಡುವೆ ಒಂದು ಕ್ಷಣ ಇದೆ. ಓಡುವ ಗಡಿಬಿಡಿಯಲ್ಲಿ ಗೋಡೆಯ ಹೊಳಪಿನಲ್ಲಿ ತನ್ನ ಸೊಂಟ ಕಾಣುತ್ತದೆ. ಒಂದು ನಿಟ್ಟುಸಿರು ಬಿಡುತ್ತಾಳೆ, ಮತ್ತೆ ಓಡುತ್ತಾಳೆ. ಮೂರು ಹೆತ್ತ ಹೆಂಗಸಿನ ಮೈಯನ್ನು ಸೂಪರ್‌ಹೀರೋ ಸಿನಿಮಾದಲ್ಲಿ ಇಷ್ಟು ಮುಚ್ಚುಮರೆ ಇಲ್ಲದೆ ಇಟ್ಟದ್ದು ದೊಡ್ಡ ಮಾತು. ಬಾಬ್‌ಗೂ ಹೊಟ್ಟೆ ಬಂದಿದೆ, ಬೆಲ್ಟ್ ಕೂಡುವುದಿಲ್ಲ. ಇಬ್ಬರಿಗೂ ವಯಸ್ಸಾಗಿದೆ.

ಎರಡನೇ ಭಾಗ 2018ರಲ್ಲಿ ಬಂತು. ಅದರಲ್ಲಿ ಹೊರಗೆ ದುಡಿಯಲು ಹೋಗುವವಳು ಹೆಲೆನ್. ಮನೆಯಲ್ಲಿ ಕೂಸು, ಮಗನ ಲೆಕ್ಕದ ಹೋಂವರ್ಕ್, ಮಗಳ ಸಿಟ್ಟು ಎಲ್ಲ ಬಾಬ್‌ನ ಪಾಲಿಗೆ. ಅವನ ಕಣ್ಣ ಕೆಳಗೆ ಕಪ್ಪು ಬಂದುಬಿಡುತ್ತದೆ. ಆ ಭಾಗವನ್ನು ಮಕ್ಕಳಿಗೆ ತೋರಿಸುವುದಾದರೆ ಒಂದು ಎಚ್ಚರ: ಅದರಲ್ಲಿ ಬೆಳಕು ಪಟಪಟ ಮಿಂಚುವ ದೃಶ್ಯಗಳಿವೆ. ಬಿಡುಗಡೆಯಾದಾಗ ಮೂರ್ಛೆ ರೋಗ ಇರುವವರಿಗೆ ತೊಂದರೆ ಆಗಬಹುದು ಅಂತ ಅಮೆರಿಕದ ಥಿಯೇಟರುಗಳಲ್ಲಿ ಸೂಚನೆ ಹಾಕಿದ್ದರು. ತರಗತಿಯಲ್ಲಿ ಯಾರಿಗಾದರೂ ಫಿಟ್ಸ್ ಬರುವುದಿದ್ದರೆ ತೋರಿಸಬೇಡಿ.

ಇನ್ನು ವಯೊಲೆಟ್. ಮಾಯವಾಗುವ ಹುಡುಗಿ ಅಂದರೆ ಹೆಣ್ಣುಮಕ್ಕಳು ಕಾಣಬಾರದು ಅಂತ ಹೇಳಿದ ಹಾಗೆ ಅಲ್ವಾ ಅಂತ ಮಾಸ್ತರರ ಚಿಂತೆ. ಅವಳ ಕೂದಲನ್ನು ಗಮನಿಸಿ ಅನ್ನುತ್ತೇನೆ. ಶುರುವಿನಲ್ಲಿ ಮುಖದ ಅರ್ಧ ಕೂದಲಿನ ಹಿಂದೆ. ಇಷ್ಟವಾದ ಹುಡುಗ ಎದುರು ಬಂದರೆ ಪೂರ್ತಿ ಮಾಯ. ಆ ಉದ್ದ ಕೂದಲು ಪಿಕ್ಸಾರ್‌ನವರಿಗೆ ದೊಡ್ಡ ತಲೆನೋವಾಗಿತ್ತು. ಆಗಿನ ಕಂಪ್ಯೂಟರ್‌ಗಳಲ್ಲಿ ಭುಜಕ್ಕೆ ತಾಗಿ ಜಾರುವ, ಗಾಳಿಗೆ ಹಾರುವ, ನೀರಿಗೆ ನೆನೆಯುವ ಕೂದಲು ಮಾಡುವುದು ಸುಲಭವಿರಲಿಲ್ಲ. ಕೂದಲು ಗಿಡ್ಡ ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ಹುಡುಗಿಗೆ ಕೂದಲೇ ಪರದೆ, ಪರದೆ ಇಲ್ಲದಿದ್ದರೆ ಸರಿಸುವುದಕ್ಕೆ ಏನಿರುತ್ತದೆ?

ವಿಮಾನದಲ್ಲಿ ತಾಯಿ ಅವಳನ್ನು ಕೂಗಿ ಕೇಳುತ್ತಾಳೆ, ವಿಮಾನಕ್ಕೆ ರಕ್ಷಣೆಯ ಗೋಳ ಕಟ್ಟು ಅಂತ. ಅದು ಅವಳ ಇನ್ನೊಂದು ಶಕ್ತಿ. ಹುಡುಗಿಯಿಂದ ಆಗುವುದಿಲ್ಲ. ಅಷ್ಟು ದೊಡ್ಡದನ್ನು ಅವಳು ಎಂದೂ ಮಾಡಿದ್ದಿಲ್ಲ. ಸಾಯುವುದರಿಂದ ಕೂದಲೆಳೆಯಲ್ಲಿ ಪಾರಾಗುತ್ತಾರೆ. ಆಮೇಲೆ ಗುಹೆಯಲ್ಲಿ ಬೆಂಕಿಯ ಬೆಳಕಲ್ಲಿ ಹುಡುಗಿ ತನ್ನಿಂದ ತಪ್ಪಾಯಿತು ಅನ್ನುತ್ತಾಳೆ. ತಾಯಿ ಗದರುವುದಿಲ್ಲ. ಒಮ್ಮೆಲೇ ಅಷ್ಟೊಂದು ಕೇಳಿದ್ದು ನನ್ನದೇ ತಪ್ಪು ಅನ್ನುತ್ತಾಳೆ. ನಿನಗೆ ಗೊತ್ತಿರುವುದಕ್ಕಿಂತ ಜಾಸ್ತಿ ಶಕ್ತಿ ನಿನ್ನಲ್ಲಿದೆ ಅಂತ ಸಮಾಧಾನ ಮಾಡುತ್ತಾಳೆ. ಪರೀಕ್ಷೆಯಲ್ಲಿ ಕಡಿಮೆ ಮಾರ್ಕ್ಸ್ ತಂದ ಮಗುವಿಗೆ ನಮ್ಮಲ್ಲಿ ಎಷ್ಟು ಜನ ಹೀಗೆ ಹೇಳಿದ್ದೇವೆ? ಅಲ್ಲಿಂದ ಅವಳ ಕೂದಲು ಕಿವಿಯ ಹಿಂದೆ ಹೋಗುತ್ತದೆ. ಕೊನೆಯಲ್ಲಿ ಆ ಹುಡುಗನ ಎದುರು ನೇರ ನಿಂತು ಮಾತಾಡುತ್ತಾಳೆ, ತಡವರಿಸುವುದು ಅವನು. ಮಾಯವಾಗುವ ಶಕ್ತಿ ಅವಳಿಗೆ ಈಗಲೂ ಇದೆ. ಬೇಕಾದಾಗ ಬಳಸುತ್ತಾಳೆ ಅಷ್ಟೇ. ಇಲ್ಲಿ ಮಾಸ್ತರರ ಮಾತನ್ನು ನಾನು ಒಪ್ಪುವುದಿಲ್ಲ.

ಡ್ಯಾಶ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ತರಗತಿಯಲ್ಲೇ ಐದಾರು ಡ್ಯಾಶ್‌ಗಳು ಇರುತ್ತಾರೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಲೂಶಿಯಸ್, ಅಂದರೆ ಫ್ರೋಜೋನ್. ಗಾಳಿಯ ತೇವವನ್ನು ಮಂಜುಗಡ್ಡೆ ಮಾಡಿ ಅದರ ಮೇಲೆ ಜಾರಿಕೊಂಡು ಹೋಗುವವನು. ದನಿ ಸ್ಯಾಮುಯೆಲ್ ಎಲ್. ಜ್ಯಾಕ್ಸನ್ ಅವರದ್ದು. ಅವನು ಬಾಬ್‌ಗಿಂತ ಸಮಾಧಾನಿ, ಬಾಬ್‌ಗೆ ಬುದ್ಧಿ ಹೇಳುವವನು, ಕಷ್ಟಕ್ಕೆ ಓಡಿ ಬರುವವನು. ಅವನನ್ನು ಎಲ್ಲೂ ಪೆದ್ದನನ್ನಾಗಿ ಮಾಡಿಲ್ಲ. ಒಂದು ದೃಶ್ಯದಲ್ಲಿ ಹೆದರಿ ನಡುಗುವ ಪೊಲೀಸಿನವನೊಬ್ಬ ಅವನತ್ತ ಪಿಸ್ತೂಲು ಹಿಡಿದು, ಅಲ್ಲಾಡಬೇಡ ಅನ್ನುತ್ತಾನೆ. ಲೂಶಿಯಸ್ ಬಾಯಾರಿದೆ ಅನ್ನುತ್ತಾ ನಿಧಾನ ಒಂದು ಲೋಟ ನೀರು ಕುಡಿಯುತ್ತಾನೆ. ನೀರು ಒಳಗೆ ಹೋದದ್ದೇ ತಡ, ಪೊಲೀಸನೇ ಮಂಜಿನಲ್ಲಿ ಗಟ್ಟಿಯಾಗಿ ನಿಂತಿರುತ್ತಾನೆ. ಮಕ್ಕಳು ಸುಮ್ನೆ ನಗುತ್ತಾರೆ. ಅಮೆರಿಕದ ಕಪ್ಪು ಜನರಿಗೆ ಪೊಲೀಸರ ಪಿಸ್ತೂಲಿನ ಮುಂದೆ ನಿಲ್ಲುವುದು ಏನು ಅಂತ ಗೊತ್ತಿರುವ ದೊಡ್ಡವರಿಗೆ ಆ ದೃಶ್ಯದಲ್ಲಿ ಇನ್ನೊಂದು ಪದರ ಕಾಣುತ್ತದೆ.

ಆದರೆ ಅವನ ಮನೆ ಎಂಥದ್ದು? ಕೆಲಸ ಬಿಟ್ಟ ಮೇಲೆ ಅವನಿಗೆ ಹೇಗಾಯಿತು? ಬಾಬ್‌ನ ಸಂಕಟಕ್ಕೆ ಅರ್ಧ ಸಿನಿಮಾ ಇದೆ. ಲೂಶಿಯಸ್‌ನ ಸಂಕಟಕ್ಕೆ ಒಂದು ನಿಮಿಷವೂ ಇಲ್ಲ. ಬಂದಾಗ ಎಂಥ ವೇಷವೋ ಹೋಗುವಾಗಲೂ ಅದೇ ವೇಷ.

ಅವನ ಹೆಂಡತಿ ಹನಿ ಇನ್ನೂ ಒಂದು ಹೆಜ್ಜೆ ಹಿಂದೆ. ಊರಿನ ಮೇಲೆ ರೋಬೋ ದಾಳಿ ಮಾಡಿದೆ. ಲೂಶಿಯಸ್ ಕಪಾಟು ತೆಗೆಯುತ್ತಾನೆ, ಉಡುಪು ಇಲ್ಲ. ಎಲ್ಲಿಟ್ಟಿದ್ದೀಯೆ ಅಂತ ಕೂಗುತ್ತಾನೆ. ಬೇರೆ ಕೋಣೆಯಿಂದ ಅವಳ ದನಿ ಮಾತ್ರ ಬರುತ್ತದೆ. ರಾತ್ರಿಯ ಊಟಕ್ಕೆ ಎಷ್ಟು ದಿನದಿಂದ ತಯಾರಿ ಮಾಡಿದ್ದೇನೆ, ಎಲ್ಲಿಗೂ ಹೋಗುವ ಹಾಗಿಲ್ಲ ಅನ್ನುತ್ತಾಳೆ. ಅವನು ಜನರ ಒಳಿತು ಅನ್ನುತ್ತಾನೆ, ನಿನಗೆ ನನಗಿಂತ ದೊಡ್ಡ ಒಳಿತು ಸಿಗುವುದಿಲ್ಲ ಅಂತ ಅವಳು. ಬಹಳ ತಮಾಷೆಯ ದೃಶ್ಯ. ಹೊರಗೆ ಹುಲಿಯಾದವನು ಮನೆಯಲ್ಲಿ ಇಲಿ ಅನ್ನುವುದು ಎಲ್ಲ ಭಾಷೆಯಲ್ಲೂ ಇರುವ ಹಾಸ್ಯ. ಒಳಗಿಂದ ಬರುವ ದನಿಯ ಉಪಾಯ ನಮ್ಮ ಊರ ನಾಟಕಗಳಲ್ಲೂ ಇದೆ. ಮುಖ ಕಾಣದೆ ಇದ್ದಷ್ಟೂ ನಗು ಜೋರು. ಹಾಗಾಗಿ ಹುಡುಗಿಗೆ ಮೊದಲ ಉತ್ತರ ಇದು: ನಗಿಸಲಿಕ್ಕೆ ಅವಳನ್ನು ಮರೆಯಲ್ಲಿ ಇಟ್ಟರು.

ಎರಡನೇ ಉತ್ತರವನ್ನೂ ಹೇಳಿ, ಅವಳು ಅರ್ಥ ಮಾಡಿಕೊಳ್ಳುತ್ತಾಳೆ. ಈ ಕಥೆಯಲ್ಲಿ ತೂಕ ಇರುವ ಕಪ್ಪು ಪಾತ್ರಗಳು ಎರಡೇ. ಎರಡರಲ್ಲಿ ಒಂದು ಕಾಣುವುದೇ ಇಲ್ಲ. 2018ರ ಭಾಗದಲ್ಲೂ ಹನಿ ಬರೀ ದನಿ. ಮಾಯವಾಗುವುದೇ ಶಕ್ತಿಯಾದ ವಯೊಲೆಟ್ ಕೊನೆಗೆ ಎಲ್ಲರಿಗೂ ಕಾಣುತ್ತಾಳೆ. ಅಂಥ ಶಕ್ತಿ ಏನೂ ಇಲ್ಲದ ಹನಿ ಎರಡು ಸಿನಿಮಾ, 14 ವರ್ಷ ಕಳೆದರೂ ಕಾಣುವುದಿಲ್ಲ. ಮಾಡಿದವರ ಮನಸ್ಸಿನಲ್ಲಿ ಕೆಟ್ಟದ್ದಿತ್ತು ಅಂತ ನಾನು ಹೇಳುವುದಿಲ್ಲ. ಒಂದು ಒಳ್ಳೆಯ ಜೋಕು ಸಿಕ್ಕಿತು, ಅದನ್ನು ಬಿಡಲು ಮನಸ್ಸಾಗಲಿಲ್ಲ. ಆದರೆ ಆ ಜೋಕಿನ ಬೆಲೆಯನ್ನು ಕಟ್ಟಿದ್ದು ಆ ಪಾತ್ರ. ನಿಮ್ಮ ತರಗತಿಯಲ್ಲಿ ಅದನ್ನು ಮೊದಲು ಕಂಡವಳು ಆ ಹುಡುಗಿಯೇ ಆದದ್ದು ಸುಮ್ಮನೆ ಅಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ನಿಮ್ಮ ಅಂಕೋಲೆಯ ಘಟ್ಟದ ಬುಡದ ಊರುಗಳಲ್ಲಿ ಸಿದ್ದಿಗಳು ತಲೆತಲಾಂತರದಿಂದ ಇದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ವಿಧಾನ ಪರಿಷತ್ತಿನಲ್ಲಿ ಆ ಸಮುದಾಯದ ಮೊದಲ ಸದಸ್ಯರಾಗಿ ಶಾಂತಾರಾಮ ಸಿದ್ದಿ ಕೂತದ್ದು 2020ರಲ್ಲಿ. ಇದ್ದೂ ಕಾಣದ ಹಾಗೆ ಇರುವುದು ಏನು ಅಂತ ಆ ಮಕ್ಕಳಿಗೆ ಯಾರೂ ಪಾಠ ಮಾಡಬೇಕಾಗಿಲ್ಲ.

2023ರಲ್ಲಿ 'ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್' ಕನ್ನಡವೂ ಸೇರಿ ನಮ್ಮ ದೇಶದಲ್ಲಿ ಹತ್ತು ಭಾಷೆಗಳಲ್ಲಿ ಬಂತು. ಅದರಲ್ಲಿ ಪವಿತ್ರ್ ಪ್ರಭಾಕರ್ ಅನ್ನುವ ಭಾರತದ ಸ್ಪೈಡರ್-ಮ್ಯಾನ್ ಇದ್ದಾನೆ. ಚಹಾವನ್ನು 'ಚಾಯ್ ಟೀ' ಅಂದ ಗೆಳೆಯನಿಗೆ, ಚಾಯ್ ಅಂದರೇ ಟೀ ಅಲ್ವಾ ಅಂತ ರೇಗುತ್ತಾನೆ. ಅವನು ಇರುವುದು ಸ್ವಲ್ಪ ಹೊತ್ತೇ. ಆದರೂ ಶಿಬಿರದ ಮಕ್ಕಳು ಹೀರೋನನ್ನು ಬಿಟ್ಟು ಅವನ ಚಿತ್ರವನ್ನೇ ಬಿಡಿಸಿದರು. ತೆರೆಯ ಮೇಲೆ ನಮ್ಮಂಥವರು ಕಂಡರೆ ಏನಾಗುತ್ತದೆ ಅಂತ ಅವತ್ತು ಕಣ್ಣಾರೆ ನೋಡಿದೆ.

ನಿಮ್ಮ ಮಾಸ್ತರರು ಹೇಳದ ಒಂದು ದೋಷವೂ ಇದೆ. ನನ್ನ ಲೆಕ್ಕದಲ್ಲಿ ಅದು ಇನ್ನೂ ದೊಡ್ಡದು. ಖಳನಾಯಕ ಸಿಂಡ್ರೋಮ್, ಚಿಕ್ಕಂದಿನ ಹೆಸರು ಬಡ್ಡಿ. ಹುಟ್ಟಿನಿಂದ ಯಾವ ಶಕ್ತಿಯೂ ಇಲ್ಲದ ಹುಡುಗ. ತನ್ನ ಬುದ್ಧಿಯಿಂದ ಹಾರುವ ಬೂಟು ಮಾಡಿಕೊಂಡು, ಬಾಬ್ ಜೊತೆ ಕೆಲಸ ಮಾಡಲು ಓಡಿ ಬರುತ್ತಾನೆ. ಬಾಬ್ ಅವನನ್ನು ಕತ್ತು ಹಿಡಿದು ಆಚೆ ದಬ್ಬುತ್ತಾನೆ. ಆ ಹುಡುಗ ದೊಡ್ಡವನಾಗಿ ಸೇಡು ತೀರಿಸಿಕೊಳ್ಳುತ್ತಾನೆ. ಕೊಲೆ ಮಾಡಿದ್ದಾನೆ, ಅದಕ್ಕೆ ಕ್ಷಮೆ ಇಲ್ಲ. ಆದರೆ ಅವನ ಒಂದು ಆಸೆ ಕೇಳಿ: ನನ್ನ ಯಂತ್ರಗಳನ್ನು ಎಲ್ಲರಿಗೂ ಮಾರುತ್ತೇನೆ, ಎಲ್ಲರೂ ಸೂಪರ್ ಆದರೆ ಯಾರೂ ಸೂಪರ್ ಅಲ್ಲ. ಇದೇ ಮಾತನ್ನು ಶುರುವಿನಲ್ಲಿ ಡ್ಯಾಶ್ ಕೂಡ ಹೇಳುತ್ತಾನೆ. ಎಲ್ಲರೂ ವಿಶೇಷ ಅಂತ ತಾಯಿ ಅಂದಾಗ, ಹಾಗಂದರೆ ಯಾರೂ ವಿಶೇಷ ಅಲ್ಲ ಅಂತ ಗೊಣಗುತ್ತಾನೆ. ಒಂದೇ ಮಾತು, ಒಂದು ನಮ್ಮ ಮುದ್ದು ಹುಡುಗನ ಬಾಯಲ್ಲಿ, ಒಂದು ಖಳನ ಬಾಯಲ್ಲಿ. ಸಿನಿಮಾ ಅದಕ್ಕೆ ಸರಿಯಾದ ಉತ್ತರ ಕೊಡುವುದಿಲ್ಲ. ಹುಟ್ಟಿನಿಂದ ಬಂದದ್ದು ಶ್ರೇಷ್ಠ, ಕಲಿತು ಮಾಡಿಕೊಂಡದ್ದು ಕಳ್ಳಮಾಲು ಅನ್ನುವ ಭಾವ ಉಳಿದುಬಿಡುತ್ತದೆ. ನಮ್ಮ ದೇಶದಲ್ಲಿ ಹುಟ್ಟಿನ ಮೇಲೆ ಮನುಷ್ಯರನ್ನು ಅಳೆದದ್ದು ಸಾಕಷ್ಟಾಗಿದೆ. ಸರ್ಕಾರಿ ಶಾಲೆಯಲ್ಲಿ ಕಲಿತು ಮೇಲೆ ಬರಬೇಕಾದ ಮಕ್ಕಳ ಮುಂದೆ ಇದನ್ನು ಹಾಗೇ ಬಿಡಬಾರದು. ಬಡ್ಡಿಯನ್ನು ದಬ್ಬಿದ್ದು ತಪ್ಪು ಅಂತ ಬಾಬ್ ಒಮ್ಮೆ ಒಪ್ಪಿಕೊಳ್ಳುತ್ತಾನೆ. ಆದರೆ ಅಷ್ಟು ಹೊತ್ತಿಗೆ ಬಡ್ಡಿ ಬೆದರಿಕೆಯಾಗಿ ಎದುರು ನಿಂತಿದ್ದಾನೆ. ಹೆದರಿಕೆಯಲ್ಲಿ ಹೇಳಿದ ಮಾತಿಗೆ ಏನು ತೂಕ?

ಉತ್ತರ ಸಿನಿಮಾದೊಳಗೇ ಇದೆ, ಅದು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಅದು ಎಡ್ನಾ. ಸೂಪರ್‌ಹೀರೋಗಳ ಉಡುಪು ಹೊಲಿಯುವ ಗಿಡ್ಡ ಹೆಂಗಸು. ಅವಳಿಗೂ ಹುಟ್ಟಿನಿಂದ ಬಂದ ಶಕ್ತಿ ಏನೂ ಇಲ್ಲ. ಇರುವುದು ಕೈಕೆಲಸ, ಕಣ್ಣು, ಹಟ. ಆದರೂ ಬಾಬ್‌ನಂಥ ದೈತ್ಯ ಅವಳ ಮುಂದೆ ಮಗುವಿನ ಹಾಗೆ ನಿಲ್ಲುತ್ತಾನೆ. ಹೆಗಲ ಹಿಂದೆ ಹಾರುವ ಬಟ್ಟೆ ಬೇಕು ಅಂದಾಗ, ಅದರಿಂದ ಸತ್ತವರ ಲೆಕ್ಕವನ್ನು ಇಸವಿ ಸಮೇತ ಹೇಳುತ್ತಾಳೆ. ಕೊನೆಗೆ ಸಿಂಡ್ರೋಮ್‌ನನ್ನು ವಿಮಾನದ ಇಂಜಿನ್‌ಗೆ ಎಳೆಯುವುದು ಅದೇ ಬಟ್ಟೆ. ಅವಳಿಗೆ ದನಿ ಕೊಟ್ಟವರು ನಿರ್ದೇಶಕ ಬ್ರಾಡ್ ಬರ್ಡ್ ಅವರೇ. ಗಂಡಸು ಹೆಣ್ಣಿನ ಪಾತ್ರ ಮಾಡಿದರೆ ಅದು ಅಪಹಾಸ್ಯವೇ ಆಗಬೇಕಿಲ್ಲ ಅಂತ ಸ್ತ್ರೀವೇಷ ನೋಡಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಡ್ನಾಳನ್ನು ನೋಡಿ ನಗುತ್ತೇವೆ, ಆದರೆ ಕೊನೆಯ ಮಾತು ಯಾವಾಗಲೂ ಅವಳದ್ದೇ.

ನಾಟಕ ಮಾಡಿಸಿ ಅಕ್ಕೋರೇ. ಸಿನಿಮಾವನ್ನು ಹಾಗೇ ಎತ್ತಬೇಡಿ, ಅದರ ಉಪಾಯವನ್ನು ಮಾತ್ರ ತಗೊಳ್ಳಿ. ಒಬ್ಬೊಬ್ಬ ಮಗುವಿಗೂ ಒಂದು ಚೀಟಿ ಕೊಟ್ಟು, "ಮನೆಯಲ್ಲಿ ನಿನ್ನಿಂದ ದಿನಾ ಏನು ಕೇಳುತ್ತಾರೆ?" ಅಂತ ಬರೆಸಿ. ಅದನ್ನೇ ಶಕ್ತಿ ಮಾಡಿ. ಕಾರವಾರದ ಒಂದು ಶಿಬಿರದಲ್ಲಿ ಹೀಗೆ ಕೇಳಿದಾಗ ಒಬ್ಬ ಹುಡುಗ, "ಅಪ್ಪನ ಬೋಟು ಬರೋವರೆಗೆ ಎಚ್ಚರ ಇರೋದು" ಅಂತ ಬರೆದ. ಅವನ ಹೀರೋಗೆ ದೀಪಸ್ತಂಭದ ಹಾಗೆ ತಿರುಗುವ ಕಣ್ಣು ಬಂತು. ಒಬ್ಬ ಹುಡುಗಿ, "ತಮ್ಮನ್ನ ಎತ್ಕೊಳ್ಳೋದು" ಅಂತ ಬರೆದಳು. ಅವಳು ನಾಲ್ಕು ಕೈಯ ಹುಡುಗಿಯನ್ನು ಬಿಡಿಸಿದಳು, ಎರಡು ಕೈ ತಮ್ಮನಿಗೆ, ಎರಡು ಕೈ ಪುಸ್ತಕಕ್ಕೆ. ಚಿತ್ರದ ಕೆಳಗೆ ಅವಳ ತಾಯಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಡೆಯುತ್ತಿದ್ದಳು. ತಾಯಿಗೆ ಏನು ಶಕ್ತಿ ಅಂತ ಕೇಳಿದೆ. "ಅವಳಿಗೆ ಬೇಡ ಸರ್, ಅವಳಿಗೆ ರಜೆ" ಅಂದಳು.

ಉಡುಪಿಗೂ ದೂರ ಹೋಗಬೇಡಿ. 2021ರ ನವೆಂಬರ್‌ನಲ್ಲಿ ನಿಮ್ಮ ತಾಲೂಕಿನ ಹೊನ್ನಳ್ಳಿಯ, ಸಾವಿರಾರು ಗಿಡ ಬೆಳೆಸಿದ ತುಳಸಿ ಗೌಡ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಳ್ಳುವಾಗ ತಮ್ಮ ಹಾಲಕ್ಕಿ ಸಮುದಾಯದ ಉಡುಗೆ, ಕೊರಳ ತುಂಬ ಮಣಿಸರ, ಬರಿಗಾಲು. ಆ ಫೋಟೋ ಮಕ್ಕಳಿಗೆ ತೋರಿಸಿ. ಹೀರೋ ಅಂದರೆ ಹೀಗೂ ಇರುತ್ತಾರೆ ಅಂತ ಗೊತ್ತಾದರೆ ನೀಲಿ ಬಟ್ಟೆ, ಕೆಂಪು ಬೂಟು ಕೇಳುವುದು ಕಡಿಮೆಯಾಗುತ್ತದೆ.

ಪಾತ್ರ ಹಂಚುವಾಗ ಒಂದು ಮಾತು ನೆನಪಿಡಿ. ಇದು ನಾನು ತಪ್ಪು ಮಾಡಿ ಕಲಿತದ್ದು. ಬಹಳ ವರ್ಷದ ಹಿಂದೆ ಘಟ್ಟದ ಮೇಲಿನ ಒಂದು ಶಾಲೆಯಲ್ಲಿ ರಾಮಾಯಣದ ನಾಟಕ ಮಾಡಿಸಿದೆ. ಒಬ್ಬ ಹುಡುಗಿಯನ್ನು ಕೇಳದೆಯೇ ಶೂರ್ಪನಖಿ ಮಾಡಿದೆ. ದನಿ ಚೆನ್ನಾಗಿತ್ತು, ಗಟ್ಟಿ ಹುಡುಗಿ, ಚಪ್ಪಾಳೆಯೂ ಬಿತ್ತು. ನಾಟಕ ಮುಗಿದ ಮೇಲೆ ನಲ್ಲಿಯ ಹತ್ತಿರ ಬಣ್ಣ ತೊಳೆಯುತ್ತಾ, "ಸರ್, ಸೀತೆ ಮಾಡೋಕೆ ಎಷ್ಟು ಬೆಳ್ಳಗಿರಬೇಕು?" ಅಂತ ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದಿನಿಂದ ಎಲ್ಲ ಪಾತ್ರಗಳ ಮಾತನ್ನೂ ಎಲ್ಲ ಮಕ್ಕಳಿಂದಲೂ ಓದಿಸುತ್ತೇನೆ. ಆಮೇಲೆ ಯಾರಿಗೆ ಯಾವುದು ಬೇಕು ಅಂತ ಅವರನ್ನೇ ಕೇಳುತ್ತೇನೆ.

ಹಾಗಾಗಿ ಸಿನಿಮಾದ ಪಾತ್ರಗಳನ್ನು ಇಟ್ಟುಕೊಂಡರೂ, ಆ ಹುಡುಗಿಗೋ ಅವಳ ಅಣ್ಣತಮ್ಮಂದಿರಿಗೋ ಮಂಜಿನ ಮನುಷ್ಯನ ಮನೆಯ ಪಾತ್ರವನ್ನೇ ತೋರಿಸಬೇಡಿ. ಅವಳಿಗೆ ಹೆಲೆನ್ ಬೇಕಾಗಬಹುದು, ಎಡ್ನಾ ಬೇಕಾಗಬಹುದು. ಬೇರೆ ಮಗು ಫ್ರೋಜೋನ್ ಮಾಡಿದರೆ ಮುಖಕ್ಕೆ ಕಪ್ಪು ಬಳಿಯಬೇಡಿ. ಅದು ಬೇಡವೇ ಬೇಡ. ಫ್ರೋಜೋನ್ ಅಂದರೆ ಮಂಜು, ನಿಧಾನದ ನಡಿಗೆ, ತಣ್ಣನೆಯ ಮಾತು. ಬಿಳಿ ಪಂಚೆಯೊಂದನ್ನು ಇಬ್ಬರು ಹಿಡಿದು ಅವನ ಮುಂದೆ ಹಾಸುತ್ತಾ ಹೋದರೆ ಸಾಕು, ಮಂಜಿನ ದಾರಿ ಆಯಿತು. ಹನಿಗೆ ಒಂದು ದೃಶ್ಯ ಬರೆಯಿರಿ. ಬಾಗಿಲು ತೆರೆದು, ಉಡುಪು ಕೈಯಲ್ಲಿ ಹಿಡಿದು ಅವಳೇ ರಂಗಕ್ಕೆ ಬರಲಿ. ಬಂದು ಏನು ಹೇಳುತ್ತಾಳೆ ಅಂತ ಪ್ರಶ್ನೆ ಕೇಳಿದ ಹುಡುಗಿಯಿಂದಲೇ ಬರೆಸಿ. ಬಡ್ಡಿಗೂ ಒಂದು ದೃಶ್ಯ ಕೊಡಿ. ಬಾಬ್ ಅವನನ್ನು ದಬ್ಬುವ ಬದಲು, ಬೂಟು ಹೇಗೆ ಮಾಡಿದೆ ಅಂತ ಕೇಳಿದ್ದರೆ ಕಥೆ ಎಲ್ಲಿಗೆ ಹೋಗುತ್ತಿತ್ತು ಅಂತ ಮಕ್ಕಳು ಜಗಳವಾಡಲಿ.

ಉಳಿದದ್ದು ಸಣ್ಣ ವಿಷಯ. ವಯೊಲೆಟ್‌ಳ ಗೋಳಕ್ಕೆ ಹಳೆಯ ಸೊಳ್ಳೆ ಪರದೆ ಸಾಕು, ಒಳಗೆ ಒಂದು ಟಾರ್ಚ್. ಡ್ಯಾಶ್ ನಿಂತಲ್ಲೇ ಕಾಲು ಬಡಿಯಲಿ, ಹಿಂದೆ ಯಾರಾದರೂ ಚಂಡೆ ಬಾರಿಸಲಿ. ಹೆಲೆನ್‌ಳ ತೋಳಿಗೆ ಎರಡು ಉದ್ದ ಸೀರೆ ಕಟ್ಟಿ, ತುದಿಯನ್ನು ಒಬ್ಬೊಬ್ಬ ಹುಡುಗ ಹಿಡಿದು ಓಡಬೇಕು. ಹಳೆಯ ಕಾಟನ್ ಸೀರೆಯೇ ಆಗಬೇಕು, ಸಿಂಥೆಟಿಕ್ ಆದರೆ ಗಂಟು ಜಾರುತ್ತದೆ. ಮತ್ತೆ ಯಾರೂ ಬೆನ್ನಿಗೆ ಟವೆಲ್ ಕಟ್ಟಿಕೊಂಡು ರಂಗ ಹತ್ತದ ಹಾಗೆ ನೋಡಿಕೊಳ್ಳಿ. ಪೆಂಡಾಲಿನ ಮೊಳೆಗೆ ಸಿಕ್ಕಿಕೊಳ್ಳುತ್ತದೆ.